ಕಾಗದದ ಶಿಲ್ಪ: ನಿಮ್ಮ ಮಗುವಿಗೆ ಮೊದಲು ಯಾವ ಕಲಾವಿದ?

ಪುಟ್ಟ ಮಕ್ಕಳಿಗೆ ಆಧುನಿಕ ಕಲೆಯ ಜಾಡಿನಲ್ಲಿ ಕಾಗದದ ಶಿಲ್ಪ ಹೇಳಿಕೊಡೋಣ ಅಂತ ಹೊರಟವರು ಹೆಚ್ಚಾಗಿ ಅಮೆರಿಕದ ಶಿಲ್ಪಿ ಕಾಲ್ಡರ್‌ನ ತೂಗಾಡುವ ಮೊಬೈಲ್‌ಗೋ ಫ್ರಾನ್ಸಿನ ಚಿತ್ರಕಾರ ಮಾತೀಸ್ ಕಾಗದ ಕತ್ತರಿಸಿ ಮಾಡಿದ ಬಣ್ಣದ ಎಲೆಗಳಿಗೋ ಕೈ ಹಾಕುತ್ತಾರೆ. ಮೊಬೈಲ್ ಅಂದರೆ ಫೋನಲ್ಲ, ಕಡ್ಡಿಗೆ ಆಕಾರಗಳನ್ನು ಕಟ್ಟಿ ತೂಗುಬಿಟ್ಟ ಶಿಲ್ಪ. ಎರಡೂ ಚೆಂದ. ಆದರೆ ಐದು ವರ್ಷದ ಮಗುವಿನ ಮುಂದೆ ಮೊಬೈಲ್ ಇಟ್ಟರೆ ಗಂಟು ಹಾಕುವುದು ಅಮ್ಮ, ತೂಕ ಸರಿಮಾಡುವುದು ಅಪ್ಪ, ಸ್ಟೂಲ್ ಹತ್ತಿ ನೇತುಹಾಕುವುದು ಮಾವ. ಮಗುವಿನ ಪಾಲಿಗೆ ಉಳಿಯುವುದು ಒಂದೆರಡು ವೃತ್ತಕ್ಕೆ ಬಣ್ಣ ಬಳಿಯುವ ಕೆಲಸ ಅಷ್ಟೇ.

ನಾನು ಬೆಂಗಳೂರಿನ ಜಯನಗರದಲ್ಲಿ ಶನಿವಾರ, ಭಾನುವಾರ ಮಕ್ಕಳಿಗೆ ಕಾಗದದ ಕೆಲಸ ಹೇಳಿಕೊಡುತ್ತೇನೆ. ಯಾವ ಕಲಾವಿದರಿಂದ ಶುರು ಮಾಡೋದು ಅಂತ ಅಪ್ಪ ಅಮ್ಮಂದಿರು ಕೇಳುತ್ತಲೇ ಇರುತ್ತಾರೆ. ನಾನು ಆರಿಸುವುದು ಒಂದೇ ಲೆಕ್ಕದಲ್ಲಿ. ಆ ಕಲಾವಿದ ತನ್ನ ಕೈಯಲ್ಲಿದ್ದ ವಸ್ತುವಿನ ಬಗ್ಗೆ ಏನೋ ಒಂದು ಪ್ರಶ್ನೆ ಹಾಕಿಕೊಂಡಿರುತ್ತಾನೆ. ಅದೇ ಪ್ರಶ್ನೆಯನ್ನು ಈ ಮಗು ತನ್ನ ಕೈಯಿಂದಲೇ, ದೊಡ್ಡವರ ಕೈ ಸೇರಿಸದೆ ಹಾಕಿಕೊಳ್ಳಬಲ್ಲದೇ? ಹೌದಾದರೆ ಅವನೇ ಸರಿ. ಕೊನೆಗೆ ಸಿಗುವ ವಸ್ತು ಎಷ್ಟು ಚೆಂದ ಇರುತ್ತದೆ ಅನ್ನುವುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಮಡಚುವುದೋ, ಕತ್ತರಿಸುವುದೋ

ಮೊದಲ ಆಯ್ಕೆ ಇಲ್ಲೇ. ಮಡಿಕೆಯ ಕಡೆ ಯೋಸೆಫ್ ಆಲ್ಬರ್ಸ್, ಕತ್ತರಿಯ ಕಡೆ ಆನ್ರಿ ಮಾತೀಸ್.

ಆಲ್ಬರ್ಸ್ ಜರ್ಮನಿಯ ಬೌಹೌಸ್ ಅನ್ನುವ ಕಲೆ, ವಿನ್ಯಾಸದ ಶಾಲೆಯಲ್ಲಿ 1923ರಿಂದ ಪಾಠ ಮಾಡಿದವನು. ಹೊಸದಾಗಿ ಸೇರಿದವರ ಮುಂದೆ ಹಳೆ ಪೇಪರಿನ ಕಟ್ಟು ಇಟ್ಟು, ಇದರಿಂದ ಏನಾದರೂ ಮಾಡಿ, ಆದರೆ ಕಾಗದದ ಗುಣವನ್ನು ಗೌರವಿಸಿ ಮಾಡಿ ಅಂದು ಹೊರಟುಬಿಡುತ್ತಿದ್ದ. ಆದಷ್ಟೂ ಕತ್ತರಿ ಬೇಡ, ಅಂಟು ಬೇಡ. ವಾಪಸ್ ಬಂದು ನೋಡಿದರೆ ಕೋಟೆ, ಹಡಗು, ವಿಮಾನ ಎಲ್ಲ ಇರುತ್ತಿದ್ದವು. ಅವನ್ನೆಲ್ಲ ಬದಿಗಿಟ್ಟು, ಯಾರೋ ಒಬ್ಬ ಕಾಗದವನ್ನು ಉದ್ದಕ್ಕೆ ಮಡಚಿ ನಿಲ್ಲಿಸಿದ್ದನ್ನು ಮೆಚ್ಚಿದನಂತೆ. ಮಲಗಿದ್ದಾಗ ಬಳುಕುವ ಹಾಳೆ ಒಂದು ಮಡಿಕೆ ಬಿದ್ದ ಕೂಡಲೇ ತನ್ನ ಅಂಚಿನ ಮೇಲೆ ತಾನೇ ನಿಲ್ಲುತ್ತದೆ. ಅವನ ವಿದ್ಯಾರ್ಥಿಗಳು ಹೇಳಿದ ಈ ಪ್ರಸಂಗ ಕಲೆ ಕಲಿಸುವವರ ನಡುವೆ ಇಂದಿಗೂ ಓಡಾಡುತ್ತದೆ, ಓಡಾಡಲೇಬೇಕಾದದ್ದು.

ನಾಲ್ಕು, ಐದು ವರ್ಷದವರಿಗೆ ನಾನು ಮೊದಲು ಕೊಡುವುದು ಇದೇ ಕೆಲಸ. ಎಲ್ಲರಿಗೂ ಒಂದೊಂದು ಎ4 ಹಾಳೆ. ‘ಇದನ್ನ ನಿಲ್ಲಿಸಿ’ ಅನ್ನುವುದಷ್ಟೇ ಸೂಚನೆ. ಒಬ್ಬ ಸುರುಳಿ ಸುತ್ತುತ್ತಾನೆ, ಕೈ ಬಿಟ್ಟರೆ ಬಿಚ್ಚಿಕೊಳ್ಳುತ್ತದೆ. ಇನ್ನೊಬ್ಬಳು ಮುದ್ದೆ ಮಾಡಿ ಇಡುತ್ತಾಳೆ. ಅದೂ ನಿಂತ ಹಾಗೇ, ನಾನು ಒಪ್ಪುತ್ತೇನೆ. ಐದು ವರ್ಷದ ಒಬ್ಬ ಹುಡುಗ ಮಧ್ಯಕ್ಕೆ ಮಡಚಿ ನಿಲ್ಲಿಸಿದ. ನಾನು ಫ್ಯಾನ್ ಹಾಕಿದೆ, ಬಿತ್ತು. ‘ಮಿಸ್, ಫ್ಯಾನ್ ಆಫ್ ಮಾಡಿ’ ಅಂದ. ಮಾಡಲಿಲ್ಲ. ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ಕೂತ. ಆಮೇಲೆ ಕೆಳಗಿನ ಅಂಚಿನಲ್ಲಿ ಎರಡು ಕಡೆ ಹರಿದು, ಹರಿದ ತುಂಡುಗಳನ್ನು ಹೊರಕ್ಕೆ ಬಗ್ಗಿಸಿ, ‘ಇದಕ್ಕೆ ಪಾದ ಬಂತು’ ಅಂದ. ಹಾಳೆ ಅಲುಗಾಡಿತೇ ಹೊರತು ಬೀಳಲಿಲ್ಲ. ಆ ಪಾದವನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ಹೆಜ್ಜೆ ಬೀಸಣಿಗೆ ಮಡಿಕೆ. ಎರಡು ಲೋಟದ ನಡುವೆ ಒಂದು ಹಾಳೆಯನ್ನು ಸೇತುವೆ ಥರ ಹಾಕಿದರೆ ಮಧ್ಯದಲ್ಲಿ ಜೋತುಬೀಳುತ್ತದೆ, ಒಂದು ಪೆನ್ಸಿಲನ್ನೂ ಸರಿಯಾಗಿ ಹೊರುವುದಿಲ್ಲ. ಅದೇ ಹಾಳೆಯನ್ನು ಉದ್ದಕ್ಕೆ ಬೆರಳಗಲದ ಬೀಸಣಿಗೆ ಮಡಿಕೆ ಮಾಡಿ ಇಡಿ. ಮೇಲೆ ಸಣ್ಣ ಸ್ಟೀಲ್ ಲೋಟ ಇಟ್ಟರೂ ಹೊರುತ್ತದೆ. ಕಾಗದ ಅದೇ, ತೂಕ ಅದೇ. ಮಡಿಕೆಯಿಂದ ಹಾಳೆಗೆ ಎತ್ತರ ಬಂತು, ಎತ್ತರ ಬಂದದ್ದರಿಂದ ಬಾಗುವುದು ಕಷ್ಟವಾಯಿತು. ಕಾರು ಶೆಡ್ಡಿನ ತಗಡು ಅಲೆಅಲೆಯಾಗಿ ಇರುವುದೂ ಇದೇ ಕಾರಣಕ್ಕೆ. ಕ್ಲಾಸು ಮುಗಿಸಿ ಮನೆಗೆ ಹೋಗುವಾಗ ತೋರಿಸಿ. ಎಂಟು ವರ್ಷ ದಾಟಿದವರಾದರೆ ಚೌಕದೊಳಗೆ ಚೌಕ ಬರೆದು, ಒಂದು ಗೆರೆ ಮೇಲಕ್ಕೆ ಒಂದು ಗೆರೆ ಕೆಳಕ್ಕೆ ಮಡಚಿಸಬಹುದು. ಚಪ್ಪಟೆ ಹಾಳೆ ತಾನೇ ತಿರುಚಿಕೊಂಡು ಕುದುರೆ ಜೀನಿನ ಆಕಾರಕ್ಕೆ ಬರುತ್ತದೆ. ಬೌಹೌಸ್ ಪಾಠದಿಂದ ಬಂದ ಮಡಿಕೆ ಇದು. ಚಿಕ್ಕವರಿಗೆ ಬೇಡ, ಬೆರಳಿಗೆ ಅಷ್ಟು ನಿಖರತೆ ಇನ್ನೂ ಇರುವುದಿಲ್ಲ.

ಇನ್ನು ಮಾತೀಸ್. 1941ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ಅವನು ಬಹಳ ಹೊತ್ತು ಹಾಸಿಗೆಯಲ್ಲೋ ಗಾಲಿಕುರ್ಚಿಯಲ್ಲೋ ಇರಬೇಕಾಯಿತು. ಸಹಾಯಕರು ಕಾಗದಕ್ಕೆ ಬಣ್ಣ ಬಳಿದು ಕೊಡುತ್ತಿದ್ದರು, ಇವನು ಮೊದಲು ಗೆರೆ ಹಾಕದೆ ನೇರ ಬಣ್ಣದೊಳಕ್ಕೇ ಕತ್ತರಿ ಓಡಿಸುತ್ತಿದ್ದ. 1953ರ ‘ಬಸವನಹುಳು’ ಹೀಗೆ ಹುಟ್ಟಿದ್ದು. ಅದರಲ್ಲಿ ಬಸವನಹುಳು ಅಂತ ಒಂದು ಆಕಾರ ಕಾಣುವುದಿಲ್ಲ. ಬಣ್ಣದ ತುಂಡುಗಳು ಸುತ್ತಿಕೊಂಡು ನಿಂತಿವೆ, ಅಷ್ಟೇ. ಮಕ್ಕಳಿಗೆ ಅದು ದೊಡ್ಡವರಿಗಿಂತ ಬೇಗ ಹತ್ತುತ್ತದೆ.

ಮಾತೀಸ್‌ನ ಲಾಭ ಏನೆಂದರೆ ಖುಷಿ ತಕ್ಷಣ ಸಿಗುತ್ತದೆ. ತೊಂದರೆ ಎರಡು. ಕತ್ತರಿ ಹಿಡಿತ ಬಂದಿರಬೇಕು. ಸಾಮಾನ್ಯವಾಗಿ ಮೂರು ವರ್ಷಕ್ಕೆ ಅಂಚನ್ನು ಚಿಕ್ಕಚಿಕ್ಕದಾಗಿ ಕತ್ತರಿಸಲು ಬರುತ್ತದೆ, ನಾಲ್ಕಕ್ಕೆ ನೇರ ಗೆರೆ, ಬಾಗಿದ ಗೆರೆ ಐದಾರರ ಹೊತ್ತಿಗೆ. ಎರಡನೆಯದು, ಅವನ ಕೃತಿ ಚಪ್ಪಟೆ. ಶಿಲ್ಪವಾಗಬೇಕಾದರೆ ನಾವು ಎಬ್ಬಿಸಿ ನಿಲ್ಲಿಸಬೇಕು. ಸುಲಭದ ದಾರಿ ಕಚ್ಚು ಹಾಕುವುದು: ಒಂದು ಆಕಾರಕ್ಕೆ ಕೆಳಗಿಂದ ಅರ್ಧದವರೆಗೆ, ಇನ್ನೊಂದಕ್ಕೆ ಮೇಲಿಂದ ಅರ್ಧದವರೆಗೆ ಸೀಳಿ ಒಂದರೊಳಗೊಂದು ಇಳಿಸಿದರೆ ಎರಡೂ ಅಡ್ಡಡ್ಡ ನಿಲ್ಲುತ್ತವೆ. ಇದಕ್ಕೆ ತೆಳು ಹಾಳೆ ಸಾಲದು. ಬಣ್ಣ ಬಳಿದ ಡ್ರಾಯಿಂಗ್ ಶೀಟ್ ಆಗಬೇಕು. ಬಣ್ಣ ಬಳಿಯುವುದು ಒಂದು ದಿನ, ಕತ್ತರಿಸುವುದು ಮರುದಿನ ಇಟ್ಟುಕೊಳ್ಳಿ. ಹಸಿ ಹಾಳೆ ಕತ್ತರಿಗೆ ಸಿಕ್ಕಿ ಹರಿದರೆ ಮಗುವಿಗೆ ಬೇಜಾರಾಗುತ್ತದೆ.

ಮೂರು ವರ್ಷದವರಿಗೆ ಕತ್ತರಿಯ ಬದಲು ಹರಿಯುವ ಕೆಲಸ ಕೊಡಿ. ಜ್ಯಾಂ ಆರ್ಪ್ ಅನ್ನುವ ಕಲಾವಿದ 1916-17ರ ಹೊತ್ತಿಗೆ ಕಾಗದ ಹರಿದು, ಆಕಸ್ಮಿಕಕ್ಕೆ ಬಿಟ್ಟ ಹಾಗೆ ಜೋಡಿಸಿ ಅಂಟಿಸಿದ ಚಿತ್ರಗಳಿವೆ, ಕೊಲಾಜ್ ಅನ್ನುತ್ತಾರೆ. ಹರಿದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದರೂ ಆ ವಯಸ್ಸಿಗೆ ಅದು ಶಿಲ್ಪವೇ.

ಎರಡರಲ್ಲಿ ಒಂದನ್ನು ಆರಿಸಿ ಅಂದರೆ ನನ್ನ ಓಟು ಆಲ್ಬರ್ಸ್‌ಗೆ. ಮಾತೀಸ್ ಕಲಿಸುವುದು ಆಕಾರ, ಬಣ್ಣ. ಆಲ್ಬರ್ಸ್ ಕಲಿಸುವುದು ಕಾಗದವನ್ನೇ. ಕಾಗದ ಗೊತ್ತಾದ ಮಗು ಮುಂದೆ ಯಾರ ದಾರಿಗೆ ಬೇಕಾದರೂ ಹೋಗಬಹುದು. ಆದರೆ ತುಂಬ ಸಂಕೋಚದ ಮಗು, ತಪ್ಪಾದೀತು ಅಂತ ಕೈಯೇ ಎತ್ತದ ಮಗು ಆಗಿದ್ದರೆ ಮಾತೀಸ್‌ನಿಂದಲೇ ಶುರು ಮಾಡಿ. ಅಲ್ಲಿ ಬೀಳುವ ಭಯ ಇಲ್ಲ.

ತೂಗುವುದೋ, ನಿಲ್ಲುವುದೋ

ಅಲೆಕ್ಸಾಂಡರ್ ಕಾಲ್ಡರ್ ಅಂದರೆ ಎಲ್ಲರಿಗೂ ಮೊಬೈಲ್. ಆದರೆ ಅವನು ನೆಲದ ಮೇಲೆ ಅಲುಗಾಡದೆ ನಿಲ್ಲುವ ತಗಡಿನ ಶಿಲ್ಪಗಳನ್ನೂ ಅಷ್ಟೇ ಪ್ರೀತಿಯಿಂದ ಮಾಡಿದ. ಅವಕ್ಕೆ ಸ್ಟೇಬೈಲ್ ಅಂತ ಹೆಸರಿಟ್ಟವನು ಆಗಲೇ ಹೇಳಿದ ಆರ್ಪ್. ಮೊಬೈಲ್ ಅನ್ನುವ ಹೆಸರು ಇನ್ನೊಬ್ಬ ಕಲಾವಿದ ಮಾರ್ಸೆಲ್ ದ್ಯೂಶಾಂ ಕೊಟ್ಟದ್ದು, 1931ರಲ್ಲಿ. ಕಾಲ್ಡರ್ ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. 1955ರಲ್ಲಿ ಅಹಮದಾಬಾದಿಗೆ ಬಂದು ಅಲ್ಲಿನ ಉದ್ಯಮಿಗಳಾದ ಸಾರಾಭಾಯಿ ಕುಟುಂಬದ ಅತಿಥಿಯಾಗಿದ್ದು ಅಲ್ಲೇ ಶಿಲ್ಪಗಳನ್ನು ಮಾಡಿದ. ಮನೆಮನೆಗೊಬ್ಬ ಇಂಜಿನಿಯರ್ ಇರುವ ನಮ್ಮ ಊರಿನಲ್ಲಿ ಈ ಸಂಗತಿ ಹೇಳಿದರೆ ಹಿಂದಿನ ಬೆಂಚಿನಲ್ಲಿ ಕೂತ ಅಪ್ಪಂದಿರೂ ಮುಂದೆ ಬಂದು ಕೂರುತ್ತಾರೆ.

ಏಳು ತುಂಬದವರಿಗೆ ಸ್ಟೇಬೈಲ್ ಮೇಲು. ಒಂದು ಗಟ್ಟಿ ಹಾಳೆ ಮಡಚಿ, ಕೆಳಗೆ ಕಮಾನು ಕತ್ತರಿಸಿದರೆ ಕಾಲುಗಳು ಬರುತ್ತವೆ. ಅದಕ್ಕೆ ಅಡ್ಡವಾಗಿ ಕಚ್ಚು ಹಾಕಿ ಇನ್ನೊಂದು ಹಾಳೆ ಸೇರಿಸಬೇಕು. ನೆಲಕ್ಕೆ ಮೂರೇ ಕಡೆ ತಾಗುವಂತೆ ಮಾಡಿಸಿ. ಒಲೆಗೆ ಮೂರು ಗುಂಡು ಇಟ್ಟ ಹಾಗೆ, ನೆಲ ಹೇಗಿದ್ದರೂ ಕುಂಟುವುದಿಲ್ಲ. ನಾಲ್ಕು ಕಾಲಾದರೆ ಒಂದು ಸ್ವಲ್ಪ ಗಿಡ್ಡವಾದರೂ ಡಗಡಗ ಅನ್ನುತ್ತದೆ. ಒಂದೇ ಬಣ್ಣ ಬಳಿಯಲಿ, ಕಪ್ಪೋ ಕೆಂಪೋ. ಆಗ ಕಣ್ಣು ಆಕಾರದ ಕಡೆ ಹೋಗುತ್ತದೆ.

ಮೊಬೈಲ್ ಏಳೆಂಟು ವರ್ಷದವರಿಗೆ, ಅದೂ ಇಬ್ಬಿಬ್ಬರು ಸೇರಿ. ತಂತಿ ಬೇಡ, ತೆಂಗಿನ ಪೊರಕೆ ಕಡ್ಡಿ ಸಾಕು: ಹಗುರ, ಕತ್ತರಿಗೆ ಸಿಗುತ್ತದೆ, ಕಣ್ಣಿಗೆ ಚುಚ್ಚದ ಹಾಗೆ ತುದಿಗೆ ಒಂದು ಹನಿ ಫೆವಿಕಾಲ್ ಹಚ್ಚಿ ಒಣಗಿಸಬಹುದು. ಮುಖ್ಯವಾದ ಮಾತು, ಮೊಬೈಲನ್ನು ಕೆಳಗಿನಿಂದ ಮೇಲಕ್ಕೆ ಕಟ್ಟಬೇಕು. ಎಲ್ಲಕ್ಕಿಂತ ಕೆಳಗಿನ ಕಡ್ಡಿಯ ಎರಡು ತುದಿಗೆ ಎರಡು ಆಕಾರ ಕಟ್ಟಿ, ನಡುವಿನ ದಾರವನ್ನು ಸರಿಸುತ್ತಾ ಸಮತೂಕದ ಜಾಗ ಹುಡುಕಿ, ಆಮೇಲೆ ಆ ಕಡ್ಡಿಯನ್ನೇ ಮೇಲಿನ ಕಡ್ಡಿಯ ಒಂದು ತುದಿಗೆ ಕಟ್ಟುವುದು. ಮೇಲಿನಿಂದ ಶುರು ಮಾಡಿದರೆ ಕೆಳಗೆ ಒಂದೊಂದು ಸೇರಿಸಿದಾಗಲೂ ಎಲ್ಲ ಕೆಡುತ್ತದೆ, ಮಕ್ಕಳು ಅಳುತ್ತಾರೆ.

ಎಂಟು ವರ್ಷದ ಹುಡುಗಿಯೊಬ್ಬಳು ಒಂದು ತುದಿಗೆ ಅಂಗೈಯಗಲದ ಕೆಂಪು ಆಕಾರ, ಇನ್ನೊಂದಕ್ಕೆ ಬೊಟ್ಟಿನಷ್ಟು ಹಳದಿ ಕಟ್ಟಿದ್ದಳು. ದಾರವನ್ನು ಸರಿಸುತ್ತಾ ಸರಿಸುತ್ತಾ ಕೆಂಪಿನ ಪಕ್ಕಕ್ಕೇ ತಂದಾಗ ಕಡ್ಡಿ ಮಟ್ಟಸವಾಯಿತು. ‘ಚಿಕ್ಕದು ದೂರ ಹೋದ್ರೆ ಜೋರಾಗತ್ತೆ’ ಅಂದಳು. ತಕ್ಕಡಿಯ ನಿಯಮವನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಜಾಗ ಸಿಕ್ಕಿದ ಮೇಲೆ ಗಂಟಿಗೆ ಒಂದು ಹನಿ ಅಂಟು ಹಾಕಿ, ಇಲ್ಲದಿದ್ದರೆ ರಾತ್ರಿಯೊಳಗೆ ಜಾರುತ್ತದೆ.

ರಟ್ಟಿನ ಗಿಟಾರೋ, ಡಬ್ಬಗಳ ಗೋಡೆಯೋ

ಮನೆಗೆ ಬರುವ ಪಾರ್ಸಲ್ ಡಬ್ಬಗಳು ಸಾಕಷ್ಟು ಸೇರಿದ್ದರೆ ಈ ಎರಡು ದಾರಿ.

ಪಿಕಾಸೊ 1912ರಲ್ಲಿ ರಟ್ಟು, ಕಾಗದ, ದಾರ, ತಂತಿ ಸೇರಿಸಿ ಒಂದು ಗಿಟಾರ್ ಮಾಡಿದ. ಅಲ್ಲಿಯವರೆಗೆ ಯುರೋಪಿನಲ್ಲಿ ಶಿಲ್ಪ ಅಂದರೆ ಹೆಚ್ಚಾಗಿ ಕಲ್ಲೋ ಮರವೋ ಕಡೆದದ್ದು, ಇಲ್ಲವೇ ಮಣ್ಣಿನಲ್ಲಿ ಮಾಡಿ ಎರಕ ಹೊಯ್ದದ್ದು. ಇವನು ತುಂಡು ತುಂಡು ಕತ್ತರಿಸಿ ಜೋಡಿಸಿದ. ಗಿಟಾರಿನ ತೂತು ಒಳಕ್ಕೆ ಇರಬೇಕಲ್ಲ, ಇವನ ಗಿಟಾರಿನಲ್ಲಿ ಅದು ಕೊಳವೆಯಾಗಿ ಹೊರಕ್ಕೆ ಚಾಚಿದೆ! ಈ ಒಂದು ಸಂಗತಿ ಹಿಡಿದೇ ಆರು ವರ್ಷ ಮೇಲ್ಪಟ್ಟವರಿಗೆ ಕೆಲಸ ಕೊಡಬಹುದು: ನಿನಗೆ ಚೆನ್ನಾಗಿ ಗೊತ್ತಿರುವ ಒಂದು ವಸ್ತು ಮಾಡು, ಅದರಲ್ಲಿ ಒಳಗಿರುವ ಒಂದನ್ನು ಹೊರಗೆ ತಾ. ನಮ್ಮಲ್ಲಿ ಆಟೋಗಳೇ ಹೆಚ್ಚು ಬರುತ್ತವೆ. ಒಬ್ಬ ಆಟೋದ ಮೀಟರನ್ನು ಆಟೋಗಿಂತ ದೊಡ್ಡದು ಮಾಡಿ ಮುಂದಕ್ಕೆ ಚಾಚಿದ್ದ. ಪಿಕಾಸೊ ದಾರಿಗೆ ಅದಕ್ಕಿಂತ ಒಳ್ಳೆ ಉತ್ತರ ನಾನು ಕಂಡಿಲ್ಲ.

ರಟ್ಟು ಕತ್ತರಿಸುವುದು ಮಾತ್ರ ದೊಡ್ಡವರ ಕೆಲಸ. ಕಟರ್ ಮಕ್ಕಳ ಕೈಗೆ ಬೇಡವೇ ಬೇಡ. ಆದ್ದರಿಂದ ಬೇರೆ ಬೇರೆ ಆಕಾರದ ರಟ್ಟಿನ ತುಂಡುಗಳನ್ನು ಮೊದಲೇ ಕತ್ತರಿಸಿ ರಾಶಿ ಹಾಕಿಡಿ, ಅವರು ಆರಿಸಿ ಜೋಡಿಸಲಿ. ಫೆವಿಕಾಲ್ ಒಣಗುವವರೆಗೆ ಬಟ್ಟೆ ಕ್ಲಿಪ್ ಹಾಕಿ ಹಿಡಿಸಿ. ಎರಡು ಪಾಳಿಯ ಕೆಲಸ ಇದು. ಒಂದೇ ದಿನ ಮುಗಿಸಲು ಹೊರಟರೆ ಸೆಲ್ಲೊಟೇಪ್ ಸುತ್ತಿ ಸುತ್ತಿ ರಟ್ಟೇ ಕಾಣದ ಹಾಗಾಗುತ್ತದೆ.

ಅಮೆರಿಕದ ಶಿಲ್ಪಿ ಲೂಯಿಸ್ ನೆವೆಲ್ಸನ್ ದಾರಿ ಗುಂಪಿಗೆ ಹೇಳಿ ಮಾಡಿಸಿದ್ದು. ಅವಳ 1958ರ ‘ಸ್ಕೈ ಕತೀಡ್ರಲ್’ ಒಂದು ಗೋಡೆಯಷ್ಟು ದೊಡ್ಡದು. ಮರದ ಪೆಟ್ಟಿಗೆಗಳೊಳಗೆ ಮುರಿದ ಮರದ ತುಂಡುಗಳು, ಎಲ್ಲಕ್ಕೂ ಒಂದೇ ಕಪ್ಪು ಬಣ್ಣ. ಚಪ್ಪಲಿ ಡಬ್ಬ, ಸೋಪಿನ ಡಬ್ಬ, ಬೆಂಕಿಪೊಟ್ಟಣ, ಊದುಬತ್ತಿ ಪ್ಯಾಕೆಟ್ಟು ಇದ್ದರೆ ಅಪಾರ್ಟ್‌ಮೆಂಟಿನ ಹತ್ತು ಮಕ್ಕಳು ಒಂದು ಗೋಡೆ ಕಟ್ಟಬಹುದು. ಒಬ್ಬೊಬ್ಬರಿಗೆ ಒಂದೊಂದು ಡಬ್ಬ, ಒಳಗೆ ಕಾಗದದ ಸುರುಳಿ, ಕೊಳವೆ, ಮಡಿಕೆ ಏನು ಬೇಕಾದರೂ. ಕೊನೆಗೆ ಎಲ್ಲಕ್ಕೂ ಒಂದೇ ಪೋಸ್ಟರ್ ಕಲರ್. ಸ್ಪ್ರೇ ಬೇಡ, ಮುಚ್ಚಿದ ಕೋಣೆಯಲ್ಲಿ ಮಕ್ಕಳಿಗೆ ಒಳ್ಳೆಯದಲ್ಲ. ನಾಲ್ಕು ವರ್ಷದವರೂ ಹತ್ತು ವರ್ಷದವರೂ ಒಟ್ಟಿಗೆ ಮಾಡಬಹುದಾದ್ದು ಇದೊಂದೇ. ಒಂದೇ ಬಣ್ಣ ಬಿದ್ದ ಮೇಲೆ ಯಾರ ಕೆಲಸ ಮೇಲು, ಯಾರದು ಕೀಳು ಅನ್ನುವ ಮಾತೇ ಏಳುವುದಿಲ್ಲ.

ಒಂದೇ ಮಗು, ಅರ್ಧ ದಿನ ಕೂತು ಮಾಡುವ ತಾಳ್ಮೆ ಇದೆ ಅಂದರೆ ಪಿಕಾಸೊ. ಮಕ್ಕಳ ದಂಡೇ ಇದ್ದರೆ ನೆವೆಲ್ಸನ್.

ಇನ್ನೆರಡು ಹೆಸರು, ಬೇಗ ಹೇಳಿ ಮುಂದೆ ಹೋಗುತ್ತೇನೆ. ಶಿಲ್ಪಿ ಬ್ರಾಂಕುಸಿಯ ‘ಕೊನೆಯಿಲ್ಲದ ಕಂಬ’ 1938ರಲ್ಲಿ ರೊಮೇನಿಯಾದ ತಿರ್ಗು ಜಿಯುನಲ್ಲಿ ನಿಂತದ್ದು, ಸುಮಾರು 29 ಮೀಟರ್ ಎತ್ತರ, ಒಂದೇ ಆಕಾರ ಮತ್ತೆ ಮತ್ತೆ ಪೇರಿಸಿದ್ದು. ಟೀ ಕುಡಿಯುವ ಕಾಗದದ ಕಪ್ಪುಗಳನ್ನು ಬಾಯಿಗೆ ಬಾಯಿ, ತಳಕ್ಕೆ ತಳ ಇಟ್ಟು ಪೇರಿಸಿದರೆ ಹೆಚ್ಚುಕಡಿಮೆ ಅದೇ ಆಕಾರ ಬರುತ್ತದೆ. ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆ ಹದಿನೈದು ನಿಮಿಷದ ಕೆಲಸ. ಇನ್ನೊಬ್ಬ ಶಿಲ್ಪಿ ನೊಗುಚಿಯ ಕಾಗದದ ದೀಪಗಳು ಬಹಳ ಸುಂದರ, ಆದರೆ ಕಡ್ಡಿ ಬಾಗಿಸಿ ಕಾಗದ ಹೊದಿಸುವುದು ಪುಟ್ಟ ಕೈಗೆ ಆಗದ ಮಾತು. ಬಿಟ್ಟುಬಿಡಿ.

ನಮ್ಮವರು ಯಾರೂ ಇಲ್ಲವೇ ಅಂತ ಕೇಳುವವರಿಗೆ ನಾನು ಹೇಳುವ ಹೆಸರು ಕೆ.ಜಿ. ಸುಬ್ರಮಣ್ಯನ್. ಬರೋಡಾದ ಕಲಾಶಾಲೆಯ ಫೈನ್ ಆರ್ಟ್ಸ್ ಮೇಳಕ್ಕಾಗಿ ಅವರು ಮರ, ಚರ್ಮ, ಮಣಿಯಂಥ ಸಣ್ಣಪುಟ್ಟ ವಸ್ತುಗಳಿಂದ ಆಟಿಕೆ ಪ್ರಾಣಿಗಳನ್ನು ಮಾಡುತ್ತಿದ್ದರು. ದೊಡ್ಡ ಕಲಾವಿದರೊಬ್ಬರು ಆಟಿಕೆಯನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡದ್ದು ಮಕ್ಕಳಿಗೆ ಗೊತ್ತಾಗಬೇಕು. ಹಳೆ ಲಗ್ನಪತ್ರಿಕೆ ಮಡಚಿ ಬೆನ್ನು, ಸೀಳಿ ಬಗ್ಗಿಸಿ ಕಾಲು, ಸುರುಳಿ ಸುತ್ತಿ ಬಾಲ: ಐದಾರು ವರ್ಷದವರು ಒಂದು ಗಂಟೆಯಲ್ಲಿ ಒಂದು ಹಿಂಡನ್ನೇ ಮಾಡುತ್ತಾರೆ.

ಕಾಗದ ಆರಿಸುವುದು

ಕಲಾವಿದ ಸರಿ, ಕಾಗದ ತಪ್ಪಾದರೆ ಎಲ್ಲ ತಪ್ಪು. ಮಡಿಕೆಗೆ 75 ಜಿಎಸ್‌ಎಮ್‌ನ ಸಾಮಾನ್ಯ ಎ4 ಸಾಕು (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಇದು; ಅಂಕೆ ಹೆಚ್ಚಿದಷ್ಟೂ ಹಾಳೆ ಗಟ್ಟಿ). ಕಚ್ಚು ಹಾಕಿ ನಿಲ್ಲಿಸುವುದಕ್ಕೆ 200 ಜಿಎಸ್‌ಎಮ್ ಮೇಲಿನದು ಬೇಕು. ಬಹಳ ಜನ ತರುವ ಚಾರ್ಟ್ ಪೇಪರ್ ಎರಡಕ್ಕೂ ಅಷ್ಟಕ್ಕಷ್ಟೆ. ಮಡಚಲು ದಪ್ಪ, ನಿಲ್ಲಲು ತೆಳು. ಸ್ಟೇಬೈಲ್‌ಗೆ, ಪ್ರಾಣಿಗಳಿಗೆ ಲಗ್ನಪತ್ರಿಕೆಯ ಹಾಳೆಗಿಂತ ಒಳ್ಳೆಯದು ಇಲ್ಲ. ಅದೂ ಮನೆಯಲ್ಲಿ ಬಿದ್ದಿರುತ್ತದೆ. ಕೊಳ್ಳಲೇಬೇಕೆಂದರೆ ಸುಲ್ತಾನ್‌ಪೇಟೆ, ಅವೆನ್ಯೂ ರಸ್ತೆ ಕಡೆ ಹೋಗಿ. ಮಗುವನ್ನೂ ಕರೆದುಕೊಂಡು ಹೋಗಿ ಹಾಳೆಯನ್ನು ಮುಟ್ಟಿ ನೋಡಿಸಿ.

ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ. ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆತ್ತಗೆ ಬಾಗಿಸಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಮಡಿಕೆಯ ಗೆರೆ ನಾರಿನ ಜೊತೆಗಿದೆ. ಅಲ್ಲಿ ಮಡಚಿದರೆ ಅಂಚು ನೀಟಾಗಿ ಬರುತ್ತದೆ, ಅಡ್ಡಕ್ಕೆ ಮಡಚಿದರೆ ದಪ್ಪ ಹಾಳೆ ಬಿರಿಯುತ್ತದೆ. ದಪ್ಪ ಹಾಳೆಗೆ ಮಡಚುವ ಮೊದಲು ರೀಫಿಲ್ ಮುಗಿದ ಬಾಲ್ ಪೆನ್ನಿನಿಂದ ಸ್ಕೇಲ್ ಇಟ್ಟು ಒಂದು ಗೀರು ಎಳೆಸಿ. ಮಳೆಗಾಲದಲ್ಲಿ ಬೆಂಗಳೂರಿನ ಥಂಡಿಗೆ ತೆಳು ಹಾಳೆ ಮೆತ್ತಗಾಗಿ ನಿಲ್ಲುವುದೇ ಇಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ರಟ್ಟಿನ ಕೆಲಸ, ಡಬ್ಬಗಳ ಗೋಡೆ ಇಟ್ಟುಕೊಂಡು ಮಡಿಕೆಯನ್ನು ಬೇಸಿಗೆಗೆ ಬಿಡುವುದು ಲೇಸು.

ಚಿತ್ರ ಯಾವಾಗ ತೋರಿಸುವುದು

ಇದರಲ್ಲಿ ನಾನು ಹಟಮಾರಿ. ಮೊದಲು ಕೆಲಸ, ಆಮೇಲೆ ಚಿತ್ರ. ಕಾಲ್ಡರ್‌ನ ಕೃತಿಯನ್ನು ಮೊದಲೇ ತೋರಿಸಿದರೆ ಎಲ್ಲರೂ ಅದೇ ಕೆಂಪು, ಅದೇ ಎಲೆಯ ಆಕಾರ ಮಾಡುತ್ತಾರೆ. ಮಾಡಿ ಮುಗಿಸಿದ ಮೇಲೆ ತೋರಿಸಿದರೆ ‘ಅಯ್ಯೋ, ಇವ್ರೂ ನನ್ ಥರಾನೇ ಮಾಡಿದ್ದಾರೆ’ ಅನ್ನುತ್ತಾರೆ. ಹಾಗೆ ಅಂದ ಮಗು ಆ ಕಲಾವಿದನನ್ನು ಮರೆಯುವುದಿಲ್ಲ.

ಗ್ಯಾಲರಿಗೆ ಹೋಗುವುದನ್ನೂ ಈ ಕ್ರಮದಲ್ಲೇ ಇಟ್ಟುಕೊಳ್ಳಿ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ 2009ರಲ್ಲಿ ಶುರುವಾದದ್ದು, ಸೋಮವಾರ ರಜಾ. ಹಳೆ ಮರಗಳ ಅಂಗಳವಿದೆ, ಮಕ್ಕಳು ಸುಸ್ತಾದರೆ ಹೊರಗೆ ಕೂರಬಹುದು. ಕಸ್ತೂರ್ಬಾ ರಸ್ತೆಯ ಮ್ಯಾಪ್, ಅಂದರೆ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯದ ಕಟ್ಟಡ, 2023ರಲ್ಲಿ ತೆರೆಯಿತು. ಎರಡರಲ್ಲಿ ಚಿಕ್ಕವರಿಗೆ ನನಗೆ ಮೊದಲನೆಯದೇ ಇಷ್ಟ, ಆ ಅಂಗಳಕ್ಕಾಗಿ. ಎಲ್ಲ ಕೋಣೆ ನೋಡಿಸಬೇಕೆಂದಿಲ್ಲ. ಒಂದೇ ಕೃತಿಯ ಮುಂದೆ ನಿಲ್ಲಿಸಿ, ‘ಇದನ್ನ ಕಾಗದದಲ್ಲಿ ಮಾಡಬೇಕಾದ್ರೆ ಎಲ್ಲಿ ಮಡಚ್ತೀಯ?’ ಅಂತ ಕೇಳಿ. ಪುಟ್ಟ ಕಾಗದ, ಪೆನ್ಸಿಲ್ ಕೈಯಲ್ಲಿರಲಿ.

ಮನೆಯಲ್ಲಿ ನಾಲ್ಕರ ತಮ್ಮ, ಎಂಟರ ಅಕ್ಕ ಇದ್ದು, ಒಂದೇ ಮೇಜು, ಒಂದೇ ಮಧ್ಯಾಹ್ನ ಅನ್ನುವವರಿಗೆ ನನ್ನ ಸಲಹೆ: ತಮ್ಮನಿಗೆ ಆಲ್ಬರ್ಸ್, ಅಕ್ಕನಿಗೆ ಕಾಲ್ಡರ್. ಅವನು ಮಡಚಿ ಮಾಡಿದ ತುಂಡುಗಳನ್ನೇ ಇವಳು ಕಡ್ಡಿಗೆ ಕಟ್ಟಲಿ. ಅಕ್ಕ ತಮ್ಮನ ತುಂಡನ್ನು ‘ಸರಿ ಮಾಡ್ತೀನಿ’ ಅಂತ ಬಿಚ್ಚಲು ಹೊರಟರೆ ಮಾತ್ರ ನಡುವೆ ಬನ್ನಿ. ತುಂಡು ಓರೆಯಾಗಿದ್ದರೆ ದಾರ ಸರಿಸಬೇಕು, ತುಂಡನ್ನಲ್ಲ.